ತಟ್ಟೆ ಮಗುಚುವ ಮೊದಲು

ಇಂಗ್ಲೆಂಡಿನ ಪಿಂಗಾಣಿ ಕಾರ್ಖಾನೆಗಳ ಊರಾದ ಸ್ಟೋಕ್-ಆನ್-ಟ್ರೆಂಟ್ ಸುತ್ತಮುತ್ತ ಹಳೆ ಮನೆ ಖಾಲಿ ಮಾಡಿದಾಗ ನಡೆಯುವ ಹರಾಜುಗಳಲ್ಲಿ ಊಟದ ಪಾತ್ರೆಗಳು ಬಿಡಿಬಿಡಿಯಾಗಿ ಬರುವುದು ಕಡಿಮೆ. ಬಾಳೆಹಣ್ಣು ಬಂದ ರಟ್ಟಿನ ಪೆಟ್ಟಿಗೆಯಲ್ಲೇ ತಟ್ಟೆ, ಕಪ್, ಸಾಸರ್, ಮುಚ್ಚಳವಿಲ್ಲದ ಟೀಪಾಟ್ ಎಲ್ಲವನ್ನೂ ತುಂಬಿ ಒಂದು ನಂಬರ್ ಅಂಟಿಸಿರುತ್ತಾರೆ. ಅಂಥ ಒಂದು ಪೆಟ್ಟಿಗೆ ಮೇಜಿಗೆ ಬಂದಾಗಿನಿಂದ ಅದರ ಸಾಮಾನು ಕಪಾಟು ಸೇರುವವರೆಗೆ ನಾವು ಮಾಡುವ ಕೆಲಸವನ್ನು ಬಂದ ಕ್ರಮದಲ್ಲೇ ಬರೆಯುತ್ತಿದ್ದೇವೆ. 1940ರ ದಶಕದಿಂದ 1960ರ ದಶಕದ ಕೊನೆಯವರೆಗಿನ ಇಂಗ್ಲಿಷ್ ಪಿಂಗಾಣಿ ನಾವು ಹುಡುಕುವುದು.

ಮೇಜಿನ ಮೇಲೆ ಮೊದಲು ದಪ್ಪನೆಯ ಟವೆಲ್ ಹಾಸಬೇಕು. ಕೈಯಲ್ಲಿ ಉಂಗುರ, ಬಳೆ, ವಾಚ್ ಇದ್ದರೆ ತೆಗೆದಿಡಬೇಕು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಸಣ್ಣ ಟಾರ್ಚ್, ಮಿಲಿಮೀಟರ್ ಗೆರೆಯ ಅಳತೆಪಟ್ಟಿ, ಅಡುಗೆಮನೆಯ ತಕ್ಕಡಿ, 365 ನ್ಯಾನೋಮೀಟರಿನ ಅತಿನೇರಳೆ ಟಾರ್ಚ್, ಒಂದು ನೋಟ್‌ಬುಕ್ ಇಷ್ಟಿದ್ದರೆ ಸಾಕು. ಬೆಳಕು ಕಿಟಕಿಯಿಂದ ಒಂದೇ ಕಡೆಗೆ ಬರುವಂತಿರಲಿ. ನೆತ್ತಿಯ ಮೇಲಿನ ಟ್ಯೂಬ್‌ಲೈಟ್ ಬೆಳಕಿನಲ್ಲಿ ಗೀರೂ ಕಾಣುವುದಿಲ್ಲ, ಸೀಳೂ ಕಾಣುವುದಿಲ್ಲ.

ಹೊಸಬರು ತಟ್ಟೆ ಕೈಗೆ ಬಂದ ಕೂಡಲೇ ಮಗುಚಿ ಬೆನ್ನಿನ ಮುದ್ರೆ ಓದುತ್ತಾರೆ. ನಾವು ಮುದ್ರೆಯನ್ನು ಕಡೆಗೆ ಓದುತ್ತೇವೆ. ಮುದ್ರೆ ಒಮ್ಮೆ ಕಣ್ಣಿಗೆ ಬಿದ್ದರೆ ಮನಸ್ಸು ಅದಕ್ಕೆ ತಕ್ಕ ಕಥೆ ಕಟ್ಟಿಕೊಂಡುಬಿಡುತ್ತದೆ, ಕೈ ಹೇಳುವುದು ಕೇಳಿಸುವುದಿಲ್ಲ. ಮಣ್ಣು, ಆಕಾರ, ಬಣ್ಣ ಹಚ್ಚಿದ ಬಗೆ ಈ ಮೂರನ್ನು ನೋಡಿ ಒಂದು ಅಂದಾಜಿಗೆ ಬಂದು, ಆಮೇಲೆ ಮುದ್ರೆ ಅದನ್ನು ಒಪ್ಪುತ್ತದೆಯೋ ಇಲ್ಲವೋ ನೋಡುವುದು ನಮ್ಮ ರೂಢಿ. ಒಪ್ಪದಿದ್ದಾಗಲೇ ಹೆಚ್ಚು ಕಲಿತಿದ್ದೇವೆ.

ಮೊದಲು ಮಣ್ಣು. ಪೆಟ್ಟಿಗೆಯ ಸಾಮಾನನ್ನೆಲ್ಲ ಹೊರಗೆ ತೆಗೆದು ಮೂರು ಗುಂಪು ಮಾಡುತ್ತೇವೆ. ಟಾರ್ಚಿನ ಬೆಳಕು ಹಿಂದಿನಿಂದ ಹಾಯಿಸಿದಾಗ ಬೆರಳಿನ ನೆರಳು ಕಂಡರೆ ಅದು ಬೋನ್ ಚೈನಾ. ಅದರ ಮಣ್ಣಿನಲ್ಲಿ ಸುಮಾರು ಅರ್ಧದಷ್ಟು ಸುಟ್ಟ ಮೂಳೆಯ ಬೂದಿ, ಉಳಿದರ್ಧದಲ್ಲಿ ಕಾರ್ನ್‌ವಾಲ್‌ನ ಬಿಳಿ ಜೇಡಿ ಮತ್ತು ಚೈನಾ ಸ್ಟೋನ್ ಎಂಬ ಕಲ್ಲಿನ ಪುಡಿ. ಬೆಳಕು ಹಾಯದೆ, ಗಾತ್ರಕ್ಕೆ ಮೀರಿದ ಭಾರವಿದ್ದು, ಪಾದದ ಬಳೆಯಲ್ಲಿ (ಪಾತ್ರೆ ಊರಿ ನಿಲ್ಲುವ ತಳದ ಉಂಗುರ) ಗ್ಲೇಜ್, ಅಂದರೆ ಗಾಜಿನಂಥ ಹೊಳಪಿನ ಲೇಪ, ಇಲ್ಲದ ಕಡೆ ಹನಿ ನೀರಿಟ್ಟರೂ ಹೀರದಿದ್ದರೆ ಸ್ಟೋನ್‌ವೇರ್. ಡರ್ಬಿಶೈರಿನ ಡೆನ್ಬಿ ಕಾರ್ಖಾನೆಯದು ಈ ಜಾತಿ. ಬೆಳಕೂ ಹಾಯದೆ, ಹೊತ್ತರೆ ಹಗುರವೆನಿಸಿ, ಮುಕ್ಕಾದ ಕಡೆ ಸೀಮೆಸುಣ್ಣದಂತೆ ಕಾಣುವುದು ಅರ್ದನ್‌ವೇರ್. ಪೆಟ್ಟಿಗೆಯ ಮುಕ್ಕಾಲು ಪಾಲು ಇದೇ ಇರುತ್ತದೆ, ಆ ಕಾಲದ ಹೊಸ ವಿನ್ಯಾಸಗಳ ದೊಡ್ಡ ಪಾಲೂ ಇದರಲ್ಲೇ ಬಂದದ್ದು.

ಅರ್ದನ್‌ವೇರ್ ತಟ್ಟೆಯ ಅಂಚಿನ ಅಡಿಯಲ್ಲಿ ಬೆರಳಾಡಿಸಿದರೆ ಮೂರು ಕಡೆ ಸಣ್ಣ ಮೊನೆಯಂಥದ್ದು ತಗಲುತ್ತದೆ. ಗೊತ್ತಿಲ್ಲದವರು ಅದನ್ನು ಮುಕ್ಕು ಎಂದುಕೊಂಡು ಬೆಲೆ ತಗ್ಗಿಸಲು ನೋಡುತ್ತಾರೆ. ಅದು ಮುಕ್ಕಲ್ಲ. ಮೊದಲ ಸುಡುವಿಕೆ ಸುಮಾರು 1,100ರಿಂದ 1,150 ಡಿಗ್ರಿಯಲ್ಲಿ ಆಗಿ, ಗ್ಲೇಜ್ ಹಚ್ಚಿದ ಮೇಲೆ ಅದಕ್ಕಿಂತ ಕಡಿಮೆ ಶಾಖದಲ್ಲಿ ಎರಡನೇ ಸಲ ಆವಿಗೆಗೆ ಹೋಗುವಾಗ ತಟ್ಟೆಗಳು ಒಂದಕ್ಕೊಂದು ಅಂಟದಂತೆ ಮಣ್ಣಿನ ಮೊನೆಗಳ ಮೇಲೆ ಕೂರಿಸುತ್ತಿದ್ದರು. ಅದರ ಗುರುತು ಅದು.

ಈಗ ಆಕಾರ. ನಮ್ಮ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬಿದ್ದದ್ದು ಕಪ್ಪು-ಬಿಳಿ ಪಟ್ಟೆಯ ಒಂದು ತಟ್ಟೆ. ಪೂರ್ತಿ ದುಂಡಗಿಲ್ಲ, ಚೌಕವೂ ಅಲ್ಲ. ಮೂಲೆಗಳನ್ನು ತಿದ್ದಿ ನಯಮಾಡಿದಂತಿದೆ. ನಡುವಿನಿಂದ ಅಂಚಿನವರೆಗೆ ಒಂದೇ ಇಳಿಜಾರು, ಹಳೆಯ ತಟ್ಟೆಗಳಲ್ಲಿರುವ ಅಗಲವಾದ ಚಪ್ಪಟೆ ಅಂಚು ಇಲ್ಲ. ಇಂಥ ಅಂಚಿಲ್ಲದ ತಟ್ಟೆ ಇಂಗ್ಲೆಂಡಿಗೆ ಅಮೆರಿಕದಿಂದ ಬಂದ ಕಲ್ಪನೆ. ಬರ್ಸ್ಲೆಮ್‌ನ ಮಿಡ್‌ವಿಂಟರ್ ಕಾರ್ಖಾನೆಯ ರಾಯ್ ಮಿಡ್‌ವಿಂಟರ್ 1952ರಲ್ಲಿ ಉತ್ತರ ಅಮೆರಿಕಕ್ಕೆ ಹೋಗಿ ಅಲ್ಲಿನ ಪಾತ್ರೆಗಳನ್ನು ನೋಡಿಬಂದು, 1953ರಲ್ಲಿ 'ಸ್ಟೈಲ್‌ಕ್ರಾಫ್ಟ್' ಎಂಬ ಆಕಾರ ತಂದರು. ಅದರ ಬೆನ್ನಿಗೆ 1955ರಲ್ಲಿ 'ಫ್ಯಾಶನ್' ಬಂತು. ಸ್ಟೈಲ್‌ಕ್ರಾಫ್ಟ್ ತಟ್ಟೆಯಲ್ಲಿ ಚೌಕದ ನೆನಪು ಇನ್ನೂ ಉಳಿದಿದೆ. ಫ್ಯಾಶನ್‌ನಲ್ಲಿ ಅದು ಕರಗಿ, ಟೀಪಾಟ್ ಮತ್ತು ಜಗ್‌ಗಳ ಮೈ ಹರಿಯುವಂತೆ ಬಳುಕುತ್ತದೆ. 1962ರಲ್ಲಿ ಡೇವಿಡ್ ಕ್ವೀನ್ಸ್‌ಬೆರಿ ಮಾಡಿದ 'ಫೈನ್' ಆಕಾರ ಬಂದಾಗ ಬಳುಕು ಮುಗಿದು ನೇರ ಕೊಳವೆಯಂಥ ಪಾಟ್‌ಗಳ ಕಾಲ ಶುರುವಾಯಿತು. ಈ ಮೂರು ಆಕಾರಗಳು ಕೈಗೆ ಹತ್ತಿದರೆ ಮಿಡ್‌ವಿಂಟರ್ ಸಾಮಾನಿನ ಕಾಲ ಹಿಂಬದಿ ನೋಡದೆಯೇ ಮುಕ್ಕಾಲು ಪಾಲು ಗೊತ್ತಾಗುತ್ತದೆ.

ಆದರೆ ಆಕಾರ ಹುಟ್ಟಿದ ವರ್ಷ ಪಾತ್ರೆ ತಯಾರಾದ ವರ್ಷವಲ್ಲ. ಡಾರ್ಸೆಟ್‌ನ ಪೂಲ್ ಕಾರ್ಖಾನೆಯಲ್ಲಿ ಜಾನ್ ಆಡಮ್ಸ್ 1936ರಲ್ಲಿ ಮಾಡಿದ 'ಸ್ಟ್ರೀಮ್‌ಲೈನ್' ಆಕಾರ ಯುದ್ಧ ಮುಗಿದ ಮೇಲೂ ಎರಡು ಬಣ್ಣದ 'ಟ್ವಿನ್‌ಟೋನ್' ಗ್ಲೇಜಿನಲ್ಲಿ ದಶಕಗಟ್ಟಲೆ ನಡೆಯಿತು.

ಪಟ್ಟೆಯ ತಟ್ಟೆಗೆ ಮರಳೋಣ. ಅದನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಾಗ ಕಪ್ಪು ಪಟ್ಟೆಯ ಮೇಲೂ ಬಿಳಿಯ ಮೇಲೂ ಹೊಳಪು ಒಂದೇ ಸಮ ಹರಿಯಿತು. ಉಗುರು ಎಳೆದರೆ ಎಲ್ಲೂ ತಡೆಯಲಿಲ್ಲ. ಹಾಗಾದರೆ ಬಣ್ಣ ಗ್ಲೇಜಿನ ಅಡಿಯಲ್ಲಿದೆ. ಭೂತಗನ್ನಡಿ ಇಟ್ಟಾಗ ಪ್ರತಿ ಪಟ್ಟೆಯ ಶುರುವಿನಲ್ಲಿ ಕುಂಚ ಊರಿದ ದಪ್ಪ ಗುಂಡು ತುದಿ ಕಂಡಿತು. ಅಲ್ಲಿಂದ ಎಳೆದಂತೆಲ್ಲ ಪಟ್ಟೆ ತೆಳ್ಳಗಾಗಿ, ಕೊನೆಯಲ್ಲಿ ಕುಂಚದ ಕೂದಲು ಬೇರೆಯಾಗಿ ಎರಡು ಮೂರು ಎಳೆಯಾಗಿತ್ತು. ಒಂದು ಕಡೆ ಕಪ್ಪು ಸ್ವಲ್ಪ ಕಂದುಬಣ್ಣಕ್ಕೆ ತಿರುಗಿದೆ, ಅಲ್ಲಿ ಬಣ್ಣ ತೆಳುವಾಗಿತ್ತು. ಅಂಚಿಗೆ ಕೆಂಪು ಗೆರೆ. ಇದು ಕೈಯಿಂದಲೇ ಬರೆದದ್ದು. 1956ರಲ್ಲಿ ಮಿಡ್‌ವಿಂಟರ್‌ನ ವಿನ್ಯಾಸಗಾರ್ತಿ ಜೆಸ್ಸಿ ಟೇಟ್ ಮಾಡಿದ 'ಜಾಂಬೆಸಿ' ವಿನ್ಯಾಸ. ಅವರ ಮಾದರಿ ನೋಡಿಕೊಂಡು ಕಾರ್ಖಾನೆಯ ಹೆಂಗಸರು ಒಂದೊಂದೇ ತಟ್ಟೆಗೆ ಪಟ್ಟೆ ಎಳೆದರು, ಹಾಗಾಗಿ ಎರಡು ಜಾಂಬೆಸಿ ತಟ್ಟೆ ಪಕ್ಕಪಕ್ಕ ಇಟ್ಟರೆ ಪಟ್ಟೆಗಳು ಹೊಂದುವುದಿಲ್ಲ. ಹೊಂದಿದರೆ ಅನುಮಾನಪಡಬೇಕು. ಆ ಹೆಂಗಸರ ಹೆಸರು ಯಾವ ಮುದ್ರೆಯಲ್ಲೂ ಇಲ್ಲ, ಅವರ ಕೈ ಮಾತ್ರ ಕುಂಚದ ಈ ತುದಿಗಳಲ್ಲಿ ಉಳಿದಿದೆ. ಭೂತಗನ್ನಡಿಯಲ್ಲಿ ಅದನ್ನು ನೋಡುವಷ್ಟು ಹೊತ್ತು ನಾವು ಪೆಟ್ಟಿಗೆಯ ಬೇರೆ ಯಾವ ಸಾಮಾನಿಗೂ ಕೊಡುವುದಿಲ್ಲ.

ಫೆಂಟನ್‌ನ ಬ್ರಾಡ್‌ಹರ್ಸ್ಟ್ ಕಾರ್ಖಾನೆಗೆ ಕ್ಯಾಥಿ ವಿಂಕಲ್ ಮಾಡಿದ ತಟ್ಟೆಗಳು ಬೇರೆ ಬಗೆ. ಅವುಗಳಲ್ಲಿ ಹೂವಿನ, ಚಕ್ರದ ಹೊರಗೆರೆ ರಬ್ಬರ್ ಮುದ್ರೆಯದು. ಒಳಗಿನ ಬಣ್ಣ ಮಾತ್ರ ಕೈಯದು. ಹೊರಗೆರೆ ಎಲ್ಲ ತಟ್ಟೆಯಲ್ಲೂ ಒಂದೇ ಥರ, ಬಣ್ಣ ಮಾತ್ರ ಗೆರೆ ದಾಟಿ ಆಚೀಚೆ ಚೆಲ್ಲಿರುತ್ತದೆ. ವರ್ಗಾವಣೆ ಕಾಗದದಿಂದ ಅಂಟಿಸಿದ ಚಿತ್ರದಲ್ಲಿ ಕುಂಚದ ಗುರುತೇ ಇರುವುದಿಲ್ಲ. ಭೂತಗನ್ನಡಿಗೆ ಸಣ್ಣ ಚುಕ್ಕಿಗಳೋ ಮಟ್ಟಸವಾದ ಬಣ್ಣವೋ ಕಾಣುತ್ತದೆ, ಗ್ಲೇಜಿನ ಮೇಲೆ ಅಂಟಿಸಿದ್ದಾದರೆ ಉಗುರಿಗೆ ಅದರ ಅಂಚು ತಡೆಯುತ್ತದೆ.

ಪೆಟ್ಟಿಗೆಯಲ್ಲಿ ಮೂರು 'ಹೋಮ್‌ಮೇಕರ್' ತಟ್ಟೆಗಳೂ ಇದ್ದವು. ಬಿಳಿ ತಟ್ಟೆಯ ಮೇಲೆ ಕಪ್ಪಿನಲ್ಲಿ ಕುರ್ಚಿ, ಸೋಫಾ, ಬೂಮರಾಂಗ್ ಆಕಾರದ ಮೇಜು, ಮೂರು ಕಾಲಿನ ದೀಪ, ಗಿಡದ ಸ್ಟ್ಯಾಂಡ್. 1950ರ ದಶಕದ ಇಂಗ್ಲಿಷ್ ಮನೆಯಲ್ಲಿ ಇರಬೇಕೆಂದು ಜನ ಬಯಸಿದ ಸಾಮಾನೆಲ್ಲ ತಟ್ಟೆಯ ಮೇಲಿದೆ. ವಿನ್ಯಾಸ ಎನಿಡ್ ಸೀನಿ ಅವರದು, ತಯಾರಿಸಿದ್ದು ರಿಡ್ಜ್‌ವೇ, ಮಾರಿದ್ದು ವುಲ್‌ವರ್ತ್ಸ್ ಅಂಗಡಿಗಳು. ಇದನ್ನು ಅಚ್ಚು ಹಾಕಿದ್ದು ಮರ್ರಿ-ಕರ್ವೆಕ್ಸ್ ಎಂಬ ಯಂತ್ರ. ಕೊರೆದ ತಾಮ್ರದ ಹಲಗೆಯ ಬಣ್ಣವನ್ನು ಜಿಲೆಟಿನ್‌ನ ಉಬ್ಬು ಗುಂಡು ಮೆತ್ತಿಕೊಂಡು ತಟ್ಟೆಯ ಮೇಲೆ ಒಂದೇ ಸಲಕ್ಕೆ ಒತ್ತುತ್ತಿತ್ತು. ತಟ್ಟೆ, ಸಾಸರ್‌ಗಳಂಥ ಚಪ್ಪಟೆ ಸಾಮಾನಿಗೆ ಅದು ಹೇಳಿ ಮಾಡಿಸಿದ್ದು, ಅದಕ್ಕೇ ಅಗ್ಗವೂ ಆಯಿತು. ಈಗಲೂ ತಟ್ಟೆ ಧಾರಾಳವಾಗಿ ಸಿಗುತ್ತದೆ. ಟೀಪಾಟ್, ಕಾಫಿಪಾಟ್ ಸಿಗುವುದು ಕಷ್ಟ. ತಟ್ಟೆ ಕೊಳ್ಳುವಾಗ ಗೀರಿಲ್ಲದ್ದನ್ನು ಮಾತ್ರ ಆರಿಸಿ, ಕಾಯುವಷ್ಟು ಸಂಖ್ಯೆಯಲ್ಲಿ ಅವು ಇವೆ.

ಇಷ್ಟಾದ ಮೇಲೆ ಮುದ್ರೆ. 'ಇಂಗ್ಲೆಂಡ್' ಎಂಬ ಪದ ಬೆನ್ನಿನಲ್ಲಿದ್ದರೆ ಸಾಮಾನ್ಯವಾಗಿ 1891ರ ನಂತರದ್ದು. ಆ ವರ್ಷದಿಂದ ಅಮೆರಿಕ ತನ್ನ ನೆಲಕ್ಕೆ ಬರುವ ಸಾಮಾನಿನ ಮೇಲೆ ದೇಶದ ಹೆಸರು ಇರಲೇಬೇಕೆಂದಿತು. 'ಮೇಡ್ ಇನ್ ಇಂಗ್ಲೆಂಡ್' ಎಂದಿದ್ದರೆ ಬಹುಪಾಲು 20ನೇ ಶತಮಾನ. ವಿನ್ಯಾಸ ನೋಂದಣಿ ಸಂಖ್ಯೆ ಇದ್ದರೆ 1950ರ ದಶಕದವು ಸುಮಾರು 8,60,000ದಿಂದ 8,95,000ದ ನಡುವೆ ಬರುತ್ತವೆ. ಅದು ನೋಂದಣಿಯಾದ ಕಾಲವಷ್ಟೇ, ತಟ್ಟೆ ಅದಾದ ಹತ್ತು ವರ್ಷಕ್ಕೂ ಬಂದಿರಬಹುದು. 'ಡಿಶ್‌ವಾಷರ್ ಸೇಫ್' ಎಂದು ಕಂಡರೆ 1960ರ ದಶಕದ ಕೊನೆಯ ಈಚೆಗೆ ಬನ್ನಿ, 'ಮೈಕ್ರೋವೇವ್' ಎಂದಿದ್ದರೆ ಇನ್ನೂ ಈಚೆಗೆ. ಮುದ್ರೆಯೊಳಗೆ ದೊಡ್ಡದಾಗಿ ಬರೆದ 18ನೇ ಶತಮಾನದ ವರ್ಷ ಕಂಡು ಹಿಗ್ಗಬೇಡಿ, ಅದು ಕಂಪನಿ ಶುರುವಾದ ವರ್ಷ. ಮುದ್ರೆಗೆ ಅಡ್ಡವಾಗಿ ಗ್ಲೇಜ್ ಕೊರೆದ ಗೀರು ಇದ್ದರೆ ಕಾರ್ಖಾನೆಯೇ ಅದನ್ನು ಎರಡನೇ ದರ್ಜೆ ಎಂದು ಹೊರಗೆ ಹಾಕಿದ್ದು.

ಹೆಚ್ಚು ಜನ ಮೋಸಹೋಗುವುದು ವೆಜ್‌ವುಡ್ ಹೆಸರಿನಲ್ಲಿ. ಪೆಟ್ಟಿಗೆಯಲ್ಲಿದ್ದ ನೀಲಿ ಅಂಚಿನ ತಟ್ಟೆಯ ಮೇಲೆ 'ವೆಜ್‌ವುಡ್ ಅಂಡ್ ಕಂಪನಿ' ಎಂದಿತ್ತು. 18ನೇ ಶತಮಾನದ ಹೆಸರಾಂತ ಕುಂಬಾರ ಜೋಸಯ್ಯ ವೆಜ್‌ವುಡ್ ಕಟ್ಟಿದ ಕಾರ್ಖಾನೆ ಅದಲ್ಲ. ಟನ್‌ಸ್ಟಾಲ್‌ನ ಬೇರೆಯೇ ಕಂಪನಿ, 1965ರಲ್ಲಿ ಈನಕ್ ವೆಜ್‌ವುಡ್ ಎಂದು ಹೆಸರು ಬದಲಿಸಿಕೊಂಡಿತು. ಜೋಸಯ್ಯನ ಮನೆತನದ ಕಾರ್ಖಾನೆ ತನ್ನ ಹೆಸರಿನ ಜೊತೆ 'ಅಂಡ್ ಕಂಪನಿ' ಹಾಕದೆ, 1940ರಲ್ಲಿ ಹೊಸ ಜಾಗಕ್ಕೆ ಹೋದ ಮೇಲೆ ಬಾರ್ಲ್ಯಾಸ್ಟನ್ ಎಂಬ ಊರಿನ ಹೆಸರನ್ನು ಮುದ್ರೆಗೆ ಸೇರಿಸಿತು. ಟನ್‌ಸ್ಟಾಲ್ ತಟ್ಟೆ ಕೆಟ್ಟದ್ದೇನಲ್ಲ, ಅದಕ್ಕೆ ತಕ್ಕ ಬೆಲೆ ಕೊಟ್ಟು ಕೊಳ್ಳಿ, ಜೋಸಯ್ಯನ ಕಾರ್ಖಾನೆಯ ಸಾಮಾನಿನ ಬೆಲೆ ಕೊಡಬೇಡಿ.

ಮುದ್ರೆ ಇಲ್ಲದೆಯೂ ಕಾಲ ಹೇಳುವ ಸಾಮಾನು ಒಂದಿದೆ. ತಿಳಿಹಸಿರು ಬಣ್ಣದ, ಚಿತ್ರವಿಲ್ಲದ ಆರು ಕಪ್‌ಗಳು. ಯುದ್ಧದ ನಡುವೆ 1942ರಲ್ಲಿ ಸರ್ಕಾರ ದೇಶದೊಳಗೆ ಮಾರುವ ಪಾತ್ರೆಗೆ ಅಲಂಕಾರವನ್ನೇ ನಿಷೇಧಿಸಿತು. ಚಿತ್ರದ ಸಾಮಾನೆಲ್ಲ ರಫ್ತಿಗೆ. ಆ ನಿಷೇಧ ಪೂರ್ತಿ ತೆರವಾದದ್ದು 1952ರಲ್ಲಿ. ವುಡ್ ಅಂಡ್ ಸನ್ಸ್ ಕಂಪನಿ ಬಣ್ಣ ಬೆರೆಸಿದ ಮಣ್ಣಿನಿಂದ ಮಾಡಿದ ತಿಳಿಹಸಿರು 'ಬೆರಿಲ್' ಆ ವರ್ಷಗಳ ಕೂಸು. ಹಸಿರು ಮೈಮೇಲಿನ ಬಣ್ಣವಲ್ಲ, ಮಣ್ಣಿನದೇ. ಮುಕ್ಕಾದ ಕಡೆಯೂ ಹಸಿರೇ ಕಾಣುತ್ತದೆ. ಚರ್ಚಿನ ಸಭಾಂಗಣ, ಶಾಲೆ, ಕ್ಯಾಂಟೀನ್‌ಗಳಲ್ಲಿ ದಶಕಗಳ ಕಾಲ ಇದರಲ್ಲೇ ಚಹಾ ಕುಡಿದರು. ಹತ್ತು ವರ್ಷ ಬರೀ ಬಿಳಿ, ಬರೀ ಹಸಿರು ಕಂಡ ಕಣ್ಣಿಗೆ 1953ರ ಸ್ಟೈಲ್‌ಕ್ರಾಫ್ಟ್ ತಟ್ಟೆಗಳ ಕೆಂಪು, ಹಳದಿ ಹೇಗೆ ಕಂಡಿರಬೇಕು ಎಂಬುದು ಈ ಕಪ್‌ಗಳ ಪಕ್ಕದಲ್ಲಿ ಜಾಂಬೆಸಿ ಇಟ್ಟಾಗ ತಿಳಿಯುತ್ತದೆ. ಬೆರಿಲ್ ಅಗ್ಗ ಎಂದು ಬಿಟ್ಟುಬರುವವರ ಮಾತನ್ನು ನಾವು ಒಪ್ಪುವುದಿಲ್ಲ.

ಇನ್ನು ದೋಷ ಹುಡುಕುವುದು. ತಟ್ಟೆಯ ತಳದ ನಡುವೆ ಬೆರಳ ತುದಿಗಳನ್ನಷ್ಟೇ ಊರಿ ಎತ್ತಿ ಹಿಡಿದು, ಅಂಚಿಗೆ ಬೆರಳಗೆಣ್ಣಿನಿಂದ ಮೆಲ್ಲಗೆ ತಟ್ಟಬೇಕು. ಬೋನ್ ಚೈನಾ ಗಂಟೆಯಂತೆ ಕಣ್ ಎಂದು ಎಳೆದು ನಿಲ್ಲುತ್ತದೆ, ಅರ್ದನ್‌ವೇರ್ ಸ್ವರ ಗಿಡ್ಡ. ಎರಡರಲ್ಲೂ ಸೀಳಿದ್ದರೆ ಒಡಕು ಮಡಕೆಯ ಸದ್ದು. ಸದ್ದು ಕೆಟ್ಟರೂ ಸೀಳು ಕಾಣದಿದ್ದರೆ ಯಾರೋ ರಿಪೇರಿ ಮಾಡಿ ಮೇಲೆ ಬಣ್ಣ ಬಳಿದಿದ್ದಾರೆ ಎಂದೇ ಎಣಿಸಿ ಕೋಣೆ ಕತ್ತಲು ಮಾಡುತ್ತೇವೆ. ಅತಿನೇರಳೆ ಬೆಳಕಿನಲ್ಲಿ ಅಂಟು, ಹೊಸ ಬಣ್ಣ ಬೇರೆಯಾಗಿ ಹೊಳೆಯುತ್ತವೆ. ಹೆಚ್ಚಾಗಿ ಸಿಗುವ ಜಾಗ ಟೀಪಾಟಿನ ಮೂತಿ, ಹಿಡಿ ಕೂಡುವ ಬುಡ, ಮುಚ್ಚಳದ ಒಳ ಅಂಚು.

ಗ್ಲೇಜಿನ ಮೇಲಿನ ಜೇಡರ ಬಲೆಯಂಥ ಎಳೆ ಬಿರುಕು ಸೀಳಲ್ಲ. ಆರುವಾಗ ಗ್ಲೇಜ್ ತನ್ನ ಅಡಿಯ ಮಣ್ಣಿಗಿಂತ ಹೆಚ್ಚು ಕುಗ್ಗಿದರೆ ಅದು ಸದಾ ಎಳೆದುಕೊಂಡೇ ಇದ್ದು ಒಂದು ದಿನ ಬಿರಿಯುತ್ತದೆ. ಇನ್ನೊಂದು ಕಾರಣ ತೇವ. ಅರ್ದನ್‌ವೇರಿನ ರಂಧ್ರಗಳ ಮಣ್ಣು ವರ್ಷಗಟ್ಟಲೆ ಗಾಳಿಯ ತೇವ ಹೀರಿ ಕೂದಲೆಳೆಯಷ್ಟು ಹಿಗ್ಗುತ್ತದೆ, ಗ್ಲೇಜ್ ಹಿಗ್ಗದು. ಆದ್ದರಿಂದ ಕಾರ್ಖಾನೆಯಿಂದ ಬಂದಾಗ ಹೊಚ್ಚಹೊಸದಂತಿದ್ದ ತಟ್ಟೆ ಮೂವತ್ತು ವರ್ಷಕ್ಕೆ ಬಿರಿಯಬಹುದು. ಬ್ರಿಟನ್ನಿನಿಂದ ಮಂಗಳೂರಿಗೋ ಕಾರವಾರಕ್ಕೋ ಕೊಂಡೊಯ್ಯುವವರು ಇದನ್ನು ನೆನಪಿಡಬೇಕು. ಕರಾವಳಿಯ ಮಳೆಗಾಲದಲ್ಲಿ ತೆರೆದ ಗೋಡೆ ಕಪಾಟಿಗಿಂತ ಬಾಗಿಲಿರುವ ಒಣ ಕಪಾಟು ಲೇಸು.

ಬಿರುಕಿನ ಮೂಲಕ ಎಣ್ಣೆ, ಚಹಾ ಒಳಗಿಳಿದು ಕಂದು ಕಲೆ ಕಟ್ಟುತ್ತದೆ. ಅದನ್ನು ತೆಗೆಯಲು ಬಟ್ಟೆಯ ಬ್ಲೀಚ್ ಹಾಕುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಕಲೆ ಹೋದಂತೆ ಕಾಣುತ್ತದೆ. ಒಳಗೆ ಉಳಿದ ಲವಣ ಒಣಗಿ ಹರಳಾಗಿ ತಿಂಗಳೊಳಗೆ ಗ್ಲೇಜನ್ನು ಚಕ್ಕೆ ಚಕ್ಕೆಯಾಗಿ ಎಬ್ಬಿಸುತ್ತದೆ. ನಾವು ಮಾಡುವುದು ಹೀಗೆ. ಬಣ್ಣ ಗ್ಲೇಜಿನ ಅಡಿಯಲ್ಲಿದೆ, ಚಿನ್ನದ ಗೆರೆ ಇಲ್ಲ ಎಂದು ಖಾತ್ರಿಯಾದ ಮೇಲೆ, ತಟ್ಟೆಯನ್ನು ಒಂದು ದಿನ ಬರೀ ನೀರಿನಲ್ಲಿ ಮುಳುಗಿಸಿಡುತ್ತೇವೆ. ಮಣ್ಣು ಮೊದಲೇ ನೀರು ಕುಡಿದಿದ್ದರೆ ಸಡಿಲವಾದ ಕಲೆ ಇನ್ನೂ ಒಳಗೆ ಓಡುವುದಿಲ್ಲ. ಆಮೇಲೆ 6 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್, ಪ್ಲಾಸ್ಟಿಕ್ ಟಬ್ಬಿನಲ್ಲಿ, ಕತ್ತಲಲ್ಲಿ, ಮುಚ್ಚಳ ಸಡಿಲವಾಗಿಟ್ಟು. ಬಿಗಿಯಾಗಿ ಮುಚ್ಚಿದರೆ ಹೊರಬರುವ ಗಾಳಿ ಡಬ್ಬಿಯನ್ನೇ ಉಬ್ಬಿಸುತ್ತದೆ. ಕೈಗೆ ರಬ್ಬರ್ ಗವುಸು ಬೇಕೇ ಬೇಕು. ದಿನಕ್ಕೊಮ್ಮೆ ನೋಡುತ್ತಾ ನಾಲ್ಕರಿಂದ ಹತ್ತು ದಿನ. ಮತ್ತೆ ದಿನಾ ನೀರು ಬದಲಿಸುತ್ತಾ ಮೂರು ದಿನ, ನೆರಳಿನಲ್ಲಿ ಒಂದು ವಾರ ಒಣಗಿಸುವುದು. ಬೇಗ ಒಣಗಲಿ ಎಂದು ಓವನ್ನಿಗೆ ಇಟ್ಟವರ ತಟ್ಟೆ ಎರಡು ಹೋಳಾದದ್ದುಂಟು. ಚಾಕು, ಚಮಚ ಉಜ್ಜಿದ ಬೂದು ಗೆರೆಗಳು ಗೀರಲ್ಲ, ಗ್ಲೇಜಿನ ಮೇಲೆ ಕೂತ ಲೋಹ. ಒದ್ದೆ ಅಡುಗೆ ಸೋಡಾ ಬೆರಳಲ್ಲಿ ಹಚ್ಚಿ ಉಜ್ಜಿದರೆ ಬಹಳಷ್ಟು ಹೋಗುತ್ತವೆ. ಅರಿಸಿನದ ಕಲೆಗೆ ಬಿಸಿಲೇ ಮದ್ದು, ಎರಡು ಮೂರು ದಿನ ಬೆಳಕಿಗಿಟ್ಟರೆ ಮಾಸುತ್ತದೆ.

ಇದರಲ್ಲಿ ಊಟ ಮಾಡಬಹುದೇ ಎಂದು ಎಲ್ಲರೂ ಕೇಳುತ್ತಾರೆ. ಆ ಕಾಲದ ಗ್ಲೇಜ್‌ಗಳಲ್ಲಿ ಸೀಸ ಸಾಮಾನ್ಯ, ಹೊಳೆಯುವ ಕೆಂಪು, ಕಿತ್ತಳೆ, ಹಳದಿಗಳಲ್ಲಿ ಕ್ಯಾಡ್ಮಿಯಮ್ ಇರಬಹುದು. ಹುಳಿ ತಗಲಿದಾಗ ಅವು ಬಿಟ್ಟುಕೊಳ್ಳುತ್ತವೆ, ಬಣ್ಣ ಗ್ಲೇಜಿನ ಮೇಲಿದ್ದರೆ ಇನ್ನೂ ಹೆಚ್ಚು. ನಮ್ಮ ಊಟವೇ ಹುಳಿಯದು. ಸಾರು, ಗೊಜ್ಜು, ಮೊಸರು, ನಿಂಬೆ ಉಪ್ಪಿನಕಾಯಿ ಯಾವುದನ್ನೂ ಇವುಗಳಲ್ಲಿ ಬಡಿಸುವುದಿಲ್ಲ, ತುಂಬಿಡುವುದಂತೂ ಇಲ್ಲವೇ ಇಲ್ಲ. ಮಕ್ಕಳ ತಟ್ಟೆಯಾಗಿ ಬೇಡ. ಬಿರಿದದ್ದು, ಮುಕ್ಕಾದದ್ದು ಪೂರ್ತಿ ಕಪಾಟಿಗೆ. ಮೈಕ್ರೋವೇವ್‌ಗೆ ಯಾವುದನ್ನೂ ಇಡುವುದಿಲ್ಲ. ಬಿರುಕಿಲ್ಲದ ತಟ್ಟೆಯಲ್ಲಿ ಬಿಸ್ಕತ್ತು, ಒಣ ತಿಂಡಿ ಇಟ್ಟುಕೊಂಡರೆ ಅದರ ಚೆಲುವು ನೋಡಿದ ಹಾಗೂ ಆಯಿತು.

ಸಾಗಿಸುವಾಗ ತಟ್ಟೆಗಳನ್ನು ಒಂದರ ಮೇಲೊಂದು ಮಲಗಿಸಿದರೆ ಮೇಲಿನ ಭಾರವೆಲ್ಲ ಅಡಿಯ ತಟ್ಟೆಯ ನಡುವಿಗೆ ಬರುತ್ತದೆ. ಪುಸ್ತಕದಂತೆ ಅಂಚಿನ ಮೇಲೆ ನಿಲ್ಲಿಸಬೇಕು. ಅಚ್ಚಿಲ್ಲದ ಬಿಳಿ ಕಾಗದ, ಅದರ ಮೇಲೆ ಗುಳ್ಳೆ ಪ್ಲಾಸ್ಟಿಕ್. ಸುದ್ದಿಪತ್ರಿಕೆಯ ಮಸಿ ಬಿರುಕಿಗೆ ಇಳಿಯುತ್ತದೆ. ಟೀಪಾಟಿನ ಮುಚ್ಚಳ ಬೇರೆ ಸುತ್ತಿ, ಮೂತಿಯೊಳಗೆ ಕಾಗದ ತುರುಕಿ, ಪೆಟ್ಟಿಗೆಯನ್ನು ಇನ್ನೊಂದು ದೊಡ್ಡ ಪೆಟ್ಟಿಗೆಯೊಳಗೆ ಸುತ್ತಲೂ 5 ಸೆಂಟಿಮೀಟರ್ ತುಂಬಿಟ್ಟು ಇಡುವುದು. ಬೆಂಗಳೂರಿನ ವಿಮಾನ ಹತ್ತುವವರು ಒಳ್ಳೆಯ ಎರಡು ತುಂಡನ್ನು ಕೈಚೀಲದಲ್ಲಿಟ್ಟುಕೊಳ್ಳಲಿ. ಸುತ್ತಲು ಒಗೆದು ಮೆತ್ತಗಾದ ಹತ್ತಿ ಸೀರೆಗಿಂತ ಒಳ್ಳೆಯದು ನಮಗೆ ಸಿಕ್ಕಿಲ್ಲ.

ಪೆಟ್ಟಿಗೆಯ ಲೆಕ್ಕ ಕೊನೆಗೆ ಹೀಗಾಯಿತು. ಬೆರಿಲ್ ಕಪ್ ಆರೂ ಉಳಿದವು. ಹೋಮ್‌ಮೇಕರ್ ಮೂರರಲ್ಲಿ ಎರಡಕ್ಕೆ ಗೀರು ವಿಪರೀತ, ಒಂದು ಉಳಿಯಿತು. 1970ರ ಹಾರ್ನ್‌ಸಿ ಕಾರ್ಖಾನೆಯ 'ಸ್ಯಾಫ್ರನ್' ಡಬ್ಬಿಗಳು ನಮ್ಮ ಕಾಲದವಲ್ಲ, ಟನ್‌ಸ್ಟಾಲ್ ತಟ್ಟೆಯ ಜೊತೆ ದಾನದ ಅಂಗಡಿಗೆ ಹೋದವು. ಡೆನ್ಬಿಯ ಹಸಿರು ಗೋಧಿತೆನೆಯ ಬೋಗುಣಿ ಸದ್ದು ಚೆನ್ನಾಗಿತ್ತು, ಮುಚ್ಚಳ ಮಾತ್ರ ಬೇರೆ ಯಾವುದರದೋ. 3 ಮಿಲಿಮೀಟರ್ ಅಲುಗಾಡುತ್ತದೆ. ಸರಿಯಾದದ್ದು ಸಿಗುವವರೆಗೆ ಅದೇ ಇರಲಿ ಎಂದು ಚೀಟಿ ಬರೆದು ಒಳಗೆ ಹಾಕಿದೆವು. ನೋಟ್‌ಬುಕ್ಕಿನಲ್ಲಿ ಪಟ್ಟೆಯ ತಟ್ಟೆಯ ಎದುರು ಬರೆದದ್ದು: ಮಿಡ್‌ವಿಂಟರ್, ಫ್ಯಾಶನ್, ಜಾಂಬೆಸಿ. ಕೈಬರಹ, ಗ್ಲೇಜಿನಡಿ. ಮೂರು ಮೊನೆ ಗುರುತು ಇವೆ. ಪಾದದ ಬಳೆಯಲ್ಲಿ 4 ಮಿಲಿಮೀಟರ್ ಮುಕ್ಕು, ಹಳೆಯದು. ಸದ್ದು ಸರಿ. ಪೆರಾಕ್ಸೈಡ್ 9 ದಿನ, ನೀರು 3, ಒಣಗಿದ್ದು 7. ಎಡ ಅಂಚಿನಿಂದ ನಾಲ್ಕನೇ ಪಟ್ಟೆಯ ತುದಿಯಲ್ಲಿ ಕುಂಚದ ಒಂದು ಕೂದಲು ಗ್ಲೇಜಿನೊಳಗೆ ಸಿಕ್ಕಿ ಬೆಂದ ಗುರುತು.